ದೊಡ್ಡ ಅಕ್ಷರ

ಮೇಲಂತಸ್ತಿನಲ್ಲಿ ನೀರಿನ ಪೈಪು ಒಡೆದು ಚಿಕ್ಕವಳ ಅಡುಗೆಮನೆಯ ಚಾವಣಿ ಒಲೆಯ ಮೇಲೆಯೇ ಕುಸಿದುಬಿತ್ತು. ರಿಪೇರಿ ಮುಗಿಯುವವರೆಗೆ ಎಂದು ಅವಳು ಮಗಳನ್ನೂ ಎರಡು ಸೂಟ್‌ಕೇಸುಗಳನ್ನೂ ಕಟ್ಟಿಕೊಂಡು ತವರಿಗೆ ಬಂದಳು. ಗಂಡ ದೂರದಲ್ಲೆಲ್ಲೋ ಸೇತುವೆ ಕಟ್ಟುವ ಕೆಲಸದಲ್ಲಿದ್ದ. ಅವನು ಫೋನಿನಲ್ಲಿ “ಪಾಪ” ಅಂದದ್ದು ಬಿಟ್ಟರೆ ಹೆಚ್ಚೇನೂ ಮಾಡುವಂತಿರಲಿಲ್ಲ.

ತವರಿನಲ್ಲಿದ್ದವರು ಇಬ್ಬರೇ, ಅಪ್ಪ ಮತ್ತು ಅಕ್ಕ. ಅಪ್ಪ ಅಂಗಡಿ ಬೋರ್ಡುಗಳನ್ನು ಬರೆಯುತ್ತಿದ್ದ ಪೇಂಟರ್. ಪೇಟೆಯ ಅರ್ಧ ಅಂಗಡಿಗಳು ಒಂದು ಕಾಲದಲ್ಲಿ ಅವನ ಅಕ್ಷರಗಳನ್ನೇ ಹಣೆಗೆ ಹಚ್ಚಿಕೊಂಡಿದ್ದವು. ಈಗ ಕಣ್ಣಿನ ನಡುಭಾಗ ಮಸುಕಾಗಿ, ಎದುರಿಗೆ ನಿಂತವರ ಕಿವಿ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಅಕ್ಕನಿಗೆ, ಎಂದರೆ ದೊಡ್ಡವಳಿಗೆ, ಒಂದು ಲಾಂಡ್ರಿಯಲ್ಲಿ ಕೌಂಟರ್ ಕೆಲಸ. ಮದುವೆ ಆಗಿರಲಿಲ್ಲ. ಅಮ್ಮ ತೀರಿಕೊಂಡ ವರ್ಷ ಸೌಟು ಅವಳ ಕೈಗೆ ಬಂದಿತ್ತು. ಕುಂಚ ತಂಗಿಯ ಕೈಗೆ ಹೋಗಿತ್ತು. ಅಪ್ಪನ ಪಕ್ಕದಲ್ಲಿ ಏಣಿಯ ಕೆಳಗೆ ಬಣ್ಣದ ಡಬ್ಬಿ ಹಿಡಿದು ನಿಂತು, ಅಕ್ಷರ ತಿದ್ದಿ, ಮೂಗಿಗೆ ಬಣ್ಣ ಮೆತ್ತಿಕೊಂಡು ಮನೆಗೆ ಬರುತ್ತಿದ್ದವಳು ಚಿಕ್ಕವಳು. ಅವರಿಬ್ಬರಿಗೆ ಬಿಸಿನೀರು ಕಾಯಿಸಿಡುತ್ತಿದ್ದವಳು ದೊಡ್ಡವಳು. ಆ ಕೈಚಳಕವನ್ನೇ ಬಂಡವಾಳ ಮಾಡಿಕೊಂಡು ಚಿಕ್ಕವಳು ಈಗ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಕಡೆ ಒಳ್ಳೆಯ ಸಂಬಳಕ್ಕಿದ್ದಳು.

ಅಪ್ಪನ ಕಣ್ಣು ಮಂದವಾದ ಮೇಲೆ ದೊಡ್ಡವಳಿಗೂ ಒಂದು ಕಾಲ ಬಂತು. ಅಪ್ಪನಿಗೆ ಓದಿನ ಹುಚ್ಚು. ದಿನಾ ಸಂಜೆ ಕೆಲಸ ಮುಗಿಸಿ ಬಂದು, ಒಲೆಯ ಮೇಲೆ ಏನಾದರೂ ಇಟ್ಟು, ಅವಳು ಅವನ ಎದುರು ಕುರ್ಚಿ ಎಳೆದುಕೊಂಡು ಪುಸ್ತಕ ಓದಿ ಹೇಳುತ್ತಿದ್ದಳು. ನಾಲ್ಕು ವರ್ಷದಿಂದ ನಡೆದುಬಂದ ಪದ್ಧತಿ. ಆ ಹೊತ್ತಿನಲ್ಲಿ ಅಪ್ಪ ಪೂರ್ತಿ ಅವಳವನು.

ತಂಗಿ ಬಂದ ವಾರದಲ್ಲೇ ಅದಕ್ಕೆ ಕಲ್ಲು ಬಿತ್ತು.

ಆ ಸಂಜೆ ದೊಡ್ಡವಳು ಓದುತ್ತಿದ್ದಾಗ ಚಿಕ್ಕವಳು ಮೇಜಿನ ಮೇಲೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಕೂತಿದ್ದಳು. ಅಪ್ಪ ನಡುವೆ ಕೈಯೆತ್ತಿ, “ಆ ಸಾಲು ಇನ್ನೊಂದ್ಸಲ ಓದು,” ಅಂದ. ದೊಡ್ಡವಳು ಓದಿದಳು. ಸ್ವಲ್ಪ ಹೊತ್ತಿಗೆ ಅವನು ಮತ್ತೆ ಕೈಯೆತ್ತಿದ. ಅವಳು ಒಲೆಯ ಕಡೆ ನೋಡಿ, “ಅಪ್ಪಾ, ಹೀಗೆ ಹಿಂದೆ ಮುಂದೆ ಹೋಗ್ತಿದ್ರೆ ಪುಸ್ತಕ ಯಾವಾಗ ಮುಗಿಯತ್ತೆ,” ಅಂದಳು.

ಚಿಕ್ಕವಳು ಚಾಕು ಕೆಳಗಿಟ್ಟಳು. “ಅಪ್ಪಾ, ನಿನಗೆ ಇ-ರೀಡರ್ ಕೊಡಿಸಿದ್ರೆ ಹೇಗೆ? ಅಕ್ಷರ ಎಷ್ಟು ಬೇಕೋ ಅಷ್ಟು ದೊಡ್ಡದು ಮಾಡ್ಕೋಬಹುದು. ನಮ್ಮ ಡಾಕ್ಟರೊಬ್ಬರ ತಾಯಿ ಹಾಗೇ ಓದ್ತಾರೆ. ಅವರಿಗೂ ಇದೇ ಕಣ್ಣಿನ ತೊಂದರೆ.”

“ಎಷ್ಟು ದೊಡ್ಡದು?” ಅಪ್ಪ ಕೇಳಿದ.

“ನಿನ್ನ ಬೋರ್ಡಿನಷ್ಟು,” ಎಂದಳು ಚಿಕ್ಕವಳ ಮಗಳು ಒಳಕೋಣೆಯಿಂದ. ಹುಟ್ಟಿದಾಗ ಹಗಲು ರಾತ್ರಿ ಅತ್ತು ಎಲ್ಲರ ತಲೆ ಕೊಯ್ದವಳು ಎಂದು ಮನೆಯಲ್ಲಿ ಅವಳಿಗೆ ಪಿಟೀಲು ಎಂದೇ ಹೆಸರು. ಈಗ ಹದಿನೈದು ವರ್ಷ, ಕೊಯ್ಯುವುದು ನಿಂತಿರಲಿಲ್ಲ.

ಅಪ್ಪ ನಕ್ಕ. ಬಾಯ್ತುಂಬ ನಕ್ಕ. ಆ ನಗು ನಿಲ್ಲುವ ಮೊದಲೇ ದೊಡ್ಡವಳು ಪುಸ್ತಕ ಮುಚ್ಚಿ, “ಪಲ್ಯ ಸೀಯ್ತಿದೆ,” ಎಂದು ಎದ್ದಳು. ಒಲೆಯ ಮೇಲೆ ಬರೀ ನೀರಿತ್ತು.

ಅಲ್ಲಿಂದ ಮುಂದೆ ಊಟದ ಮೇಜಿನ ಮೇಲೆ ಬೇರೆ ಮಾತೇ ಇಲ್ಲ. ಪಿಟೀಲು ಫೋನು ಹಿಡಿದು ಒಂದೊಂದೇ ಮಾದರಿಯ ಗುಣಗಾನ ಮಾಡುವಳು, ಅಪ್ಪ ತುತ್ತು ಕೈಯಲ್ಲೇ ಹಿಡಿದು ಕೇಳುವನು.

“ಇದು ನೀರಲ್ಲಿ ಬಿದ್ರೂ ಏನೂ ಆಗಲ್ವಂತೆ ತಾತ.”

“ನಾನೇನು ಈಜಾಡ್ತಾ ಓದ್ತೀನಾ?”

“ಇದ್ರಲ್ಲಿ ಪೆನ್ನಿಂದ ಬರೀಬಹುದು.”

“ಬರೆದಿದ್ದು ಸಾಕಾಗಿದೆ. ಓದೋದು ಹೇಳು.”

“ಅಪ್ಪಾ, ಫೋನಿನ ಹಾಗೆ ಕಣ್ಣಿಗೆ ಹೊಡೆಯಲ್ಲ ಇದು,” ಚಿಕ್ಕವಳು ಹೇಳಿದಳು. “ಕಾಗದದ ಹಾಗೇ ಕಾಣತ್ತೆ. ಒಳಗಿನ ದೀಪ ಬೇಕಾದ್ರೆ ಹಚ್ಕೋ, ಬೇಡಾದ್ರೆ ಆರಿಸ್ಕೋ.”

ದೊಡ್ಡವಳು ಎಲ್ಲರ ತಟ್ಟೆಗೂ ಬಡಿಸಿ ತನ್ನದಕ್ಕೆ ಪಾತ್ರೆಯ ತಳ ಕೆರೆದುಕೊಳ್ಳುತ್ತಾ, “ಪುಸ್ತಕಕ್ಕೂ ಚಾರ್ಜ್ ಹಾಕೋ ಕಾಲ ಬಂತು,” ಅಂದಳು.

“ವಾರಗಟ್ಟಲೆ ಬರತ್ತೆ ದೊಡ್ಡಮ್ಮ, ಒಂದ್ಸಲ ಹಾಕಿದ್ರೆ.”

“ಬೆಲೆ?”

ಚಿಕ್ಕವಳು, “ನಾನು ಕೊಡ್ತೀನಿ ಬಿಡಕ್ಕ,” ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ದೊಡ್ಡವಳಿಗೆ ಅದು ಕಪಾಳಕ್ಕೆ ಬಿದ್ದ ಹಾಗಿತ್ತು.

“ನೀನೊಬ್ಳೇ ಯಾಕೆ? ಅವನು ನನಗೂ ಅಪ್ಪನೇ. ಅರ್ಧ ನಂದು, ಅರ್ಧ ನಿಂದು. ಅಂಗಡಿ ನಮ್ಮ ಲಾಂಡ್ರಿ ಬೀದಿಯಲ್ಲೇ ಇದೆ. ನಾನೇ ನೋಡಿ ತರ್ತೀನಿ.”

“ನಾನೂ ಬರ್ಲಾ?”

“ಒಂದು ಸಾಮಾನು ತರಕ್ಕೆ ಮೆರವಣಿಗೆ ಬೇಡ.”

ಮಾರನೆಯ ದಿನ ಊಟದ ಬಿಡುವಿನಲ್ಲಿ ಅವಳು ಆ ಅಂಗಡಿಗೆ ಹೋದಳು. ಕೌಂಟರಿನವನು ಬೋಳುತಲೆಯ, ಮಾತು ತುಸು ಹೆಚ್ಚೇ ಆಡುವ ಮನುಷ್ಯ.

“ಯಾರಿಗೆ?”

“ನಮ್ಮಪ್ಪನಿಗೆ. ಕಣ್ಣು ಮಂದ.”

“ಕೈ ಹೇಗಿದೆ? ಬೆರಳು ಆಡತ್ತಾ?”

ಕೈಯ ಮಾತು ಯಾಕೆ ಎಂದು ಅವಳಿಗೆ ಅರ್ಥವಾಗಲಿಲ್ಲ. ಅಪ್ಪನ ಬೆರಳುಗಳು ವರ್ಷಾನುಗಟ್ಟಲೆ ಬಣ್ಣ ತೊಳೆಯುವ ಎಣ್ಣೆಯಲ್ಲಿ ನೆನೆದು ತೊಗಲಿನ ಹಾಗೆ ಒಣಗಿದ್ದವು ಎಂದು ಹೇಳಿದಳು.

“ಹಾಗಾದ್ರೆ ನಿಮಗೆ ಇದು,” ಎಂದು ಅವನು ತಟ್ಟೆಯಗಲದ ಒಂದನ್ನು ತೆಗೆದು ಮುಂದಿಟ್ಟ. ಪಕ್ಕದಲ್ಲಿ ಎರಡು ಗುಂಡಿಗಳಿದ್ದವು. “ಒಣಗಿದ ಬೆರಳು ಗಾಜಿಗೆ ತಾಗಿದ್ದು ಈ ಯಂತ್ರಗಳಿಗೆ ಗೊತ್ತಾಗಲ್ಲ. ಗುಂಡಿ ಒತ್ತಿದ್ರೆ ಪುಟ ತಿರುಗತ್ತೆ. ಅಕ್ಷರ ಎಷ್ಟು ದೊಡ್ಡದು ಮಾಡಿದ್ರೂ ಒಂದು ಪುಟಕ್ಕೆ ಹತ್ತು ಸಾಲಾದ್ರೂ ಬರತ್ತೆ. ಊರ ಲೈಬ್ರರಿಯವರು ಕೊಡೋ ಪುಸ್ತಕಗಳನ್ನೂ ತಗೊಳ್ಳತ್ತೆ. ಸ್ವಲ್ಪ ಭಾರ. ಮೇಜಿನ ಮೇಲೆ ಒರಗಿಸಿಟ್ರೆ ಆಯ್ತು.”

“ಅದು?” ಅವಳು ಗಾಜಿನ ಕೆಳಗಿದ್ದ ಚಿಕ್ಕದೊಂದನ್ನು ತೋರಿಸಿದಳು. ಅಂಗೈಗಿಂತ ತುಸು ದೊಡ್ಡದು.

“ಅದು ಬಸ್ಸಲ್ಲಿ ಓದೋರಿಗೆ, ಚೀಲದಲ್ಲಿ ಇಟ್ಕೊಂಡು ಓಡಾಡೋರಿಗೆ. ಅಗ್ಗ, ಹಗುರ. ಆದ್ರೆ ನಿಮ್ಮ ತಂದೆಗೆ ಆಗಲ್ಲಮ್ಮ. ಗುಂಡಿ ಇಲ್ಲ. ದೊಡ್ಡ ಅಕ್ಷರ ಇಟ್ರೆ ಪುಟಕ್ಕೆ ನಾಲ್ಕೇ ಪದ.”

ಅವಳು ಎರಡನ್ನೂ ಕೈಯಲ್ಲಿ ಹಿಡಿದು ನೋಡಿದಳು. ದೊಡ್ಡದರ ಮೇಲೆ ಯಾವುದೋ ಕತೆಯ ಪುಟ ತೆರೆದಿತ್ತು. ಮಾರು ದೂರದಿಂದಲೂ ಓದಬಹುದಾದ ಅಕ್ಷರ. ಅಪ್ಪ ಅದರ ಮುಂದೆ ಕೂತದ್ದು ಅವಳ ಕಣ್ಣಿಗೆ ಕಟ್ಟಿತು. ಎದುರಿಗೆ ಎಳೆದುಕೊಂಡ ತನ್ನ ಕುರ್ಚಿ ಇರಲಿಲ್ಲ.

“ಚಿಕ್ಕದೇ ಕೊಡಿ,” ಅಂದಳು. “ದೊಡ್ಡದು ನಮ್ಮ ಕೈಗೆಟುಕಲ್ಲ.”

ಕೈಗೆಟುಕದ್ದೇನೂ ಆಗಿರಲಿಲ್ಲ. ತಂಗಿಯ ಪಾಲು ಅವಳ ಚೀಲದಲ್ಲೇ ಇತ್ತು.

ಮನೆಯಲ್ಲಿ ಪೊಟ್ಟಣ ಬಿಚ್ಚಿದಾಗ ಚಿಕ್ಕವಳ ಮುಖ ಸಣ್ಣದಾಯಿತು. “ಇಷ್ಟೇನಾ ಅಕ್ಕ? ಇನ್ನೂ ದೊಡ್ಡದಿರ್ಲಿಲ್ವಾ?”

“ಇದೇ ಚೆನ್ನಾಗಿ ಹೋಗ್ತಿದೆ ಅಂದ್ರು,” ಎಂದು ದೊಡ್ಡವಳು ತಂಗಿಯ ಪಾಲಿನಲ್ಲಿ ಉಳಿದದ್ದನ್ನು ಮೇಜಿನ ಮೇಲಿಟ್ಟಳು. ಆ ನೋಟುಗಳ ಕಡೆ ಯಾರೂ ನೋಡಲಿಲ್ಲ. ಅಪ್ಪ ಆಗಲೇ ಅದನ್ನು ಕಣ್ಣಿನ ಹತ್ತಿರ ಹಿಡಿದು, ಅಂಚಿನಿಂದ ನೋಡುತ್ತಾ, ಎರಡೂ ಕೈಯಲ್ಲಿ ತೂಗಿ, “ಹಗುರ ಇದೆ. ಒಳ್ಳೇದಾಯ್ತು,” ಅಂದ.

ಮುಂದಿನ ಎರಡು ವಾರ ಮನೆಯಲ್ಲಿ ಓದು ಕೇಳಿಸಲಿಲ್ಲ. ಅಪ್ಪ ಸಂಜೆ ತನ್ನ ಕೋಣೆಯ ಕಿಟಕಿಯ ಬಳಿ ಅದನ್ನು ಹಿಡಿದು ಕೂರುತ್ತಿದ್ದ. ದೊಡ್ಡವಳು ಕೆಲಸದಿಂದ ಬಂದವಳೇ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುವಳು. ಇವತ್ತು ಕರೆಯುತ್ತಾನೆ, ಸಾಕಾಯಿತು ಬಾ ಅನ್ನುತ್ತಾನೆ ಎಂದು. ಅವನು ಕರೆಯಲಿಲ್ಲ. ಟೀ ಕೊಡಲು ಹೋದರೆ, “ಅಲ್ಲಿಡು,” ಎನ್ನುತ್ತಿದ್ದ. ಅವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಅನ್ನ ಒಂದು ದಿನ ಮುದ್ದೆ, ಒಂದು ದಿನ ಅಕ್ಕಿ. ಪಿಟೀಲು ಮೂಗು ಮುರಿದರೆ, “ನಿಮ್ಮಮ್ಮನಿಗೆ ಹೇಳು, ಅವಳ ಕೈಯಲ್ಲಿ ಎಲ್ಲಾ ಚೆನ್ನಾಗೇ ಆಗತ್ತೆ,” ಎಂದಳು.

“ಏನಕ್ಕ ಹಾಗಂದ್ರೆ?” ಚಿಕ್ಕವಳು ಕೇಳಿದಳು.

“ಏನಿಲ್ಲ. ಉಪ್ಪು ಕೊಡು.”

ಸುಳಿವು ಕೊಟ್ಟವಳು ಪಿಟೀಲು. ಒಂದು ಮಧ್ಯಾಹ್ನ ಅವಳು ಅಡುಗೆಮನೆಗೆ ಬಂದು, ಅಮ್ಮನ ಕಿವಿಯಲ್ಲಿ ಹೇಳಬೇಕಾದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಅಮ್ಮಾ, ತಾತ ಓದ್ತಿಲ್ಲ. ಇನ್ನೂ ಮೊದಲನೇ ಪುಟದಲ್ಲೇ ಇದಾರೆ. ಬೆರಳಿಟ್ಟು ಎಳೀತಾರೆ, ಅದು ತಿರುಗಲ್ಲ. ಜೋರಾಗಿ ಒತ್ತಿದ್ರೆ ಎಲ್ಲೋ ಹೋಗಿಬಿಡತ್ತೆ. ನಾನು ಸರಿಮಾಡಿ ಕೊಟ್ರೆ, ಯಾರಿಗೂ ಹೇಳ್ಬೇಡ ಅಂದ್ರು.”

ದೊಡ್ಡವಳು ಸಿಂಕಿನ ಕಡೆ ತಿರುಗಿ ಲೋಟ ತೊಳೆಯುತ್ತಿದ್ದಳು. ತೊಳೆದ ಲೋಟವನ್ನೇ ಇನ್ನೊಮ್ಮೆ ತೊಳೆದಳು.

ಮರುದಿನ ಚಿಕ್ಕವಳು ತಾನೇ ಅಂಗಡಿಗೆ ಹೋಗಿ ಬಂದಳು. ಬಂದವಳು ಚೀಲವನ್ನೂ ಇಳಿಸದೆ ಊಟದ ಮೇಜಿನ ಹತ್ತಿರ ನಿಂತಳು. ದೊಡ್ಡವಳೂ ಪಿಟೀಲೂ ಊಟಕ್ಕೆ ಕೂತಿದ್ದರು, ಅಪ್ಪ ಬ್ರೆಡ್ಡನ್ನು ಸೂಪಿನಲ್ಲಿ ಅದ್ದುತ್ತಿದ್ದ.

“ಅಕ್ಕ, ಅಂಗಡಿಯವನು ನಿನಗೆ ಎಲ್ಲಾ ಹೇಳಿದ್ನಂತಲ್ಲ.”

“ಏನೆಲ್ಲ?”

“ಗುಂಡಿ ಇರೋದು ತಗೊಳ್ಳಿ, ಇದು ನಿಮ್ಮ ತಂದೆಗೆ ಆಗಲ್ಲ ಅಂತ. ಬೇಡ, ಕೈಗೆಟುಕಲ್ಲ ಅಂದ್ಯಂತೆ. ನನ್ನ ಪಾಲು ನಿನ್ನ ಕೈಯಲ್ಲೇ ಇತ್ತಲ್ಲ. ಈಗ ವಾಪಸ್ ತಗೊಳ್ಳೋ ಗಡುವೂ ಮುಗೀತಂತೆ.”

“ಅಂಗಡಿಯವರು ಹೆಚ್ಚಿನ ಬೆಲೆಯದನ್ನೇ ಮಾರಕ್ಕೆ ನೋಡ್ತಾರೆ.”

“ಅದಕ್ಕೆ ತರ್ಲಿಲ್ವಾ? ನಿಜ ಹೇಳು.”

ದೊಡ್ಡವಳು ಚಮಚ ಇಟ್ಟಳು. ಮಾತು ಅವಳು ಅಂದುಕೊಂಡದ್ದಕ್ಕಿಂತ ಮುಂಚೆ ಹೊರಬಿತ್ತು. “ಇಲ್ಲ. ಗೊತ್ತಿದ್ದೇ ಬಿಟ್ಟುಬಂದೆ. ನೀನು ಬಂದು ವಾರ ಆಗಿರ್ಲಿಲ್ಲ, ನಾಲ್ಕು ವರ್ಷ ನಾನು ಓದಿದ್ದೆಲ್ಲ ನೀರಲ್ಲಿ ಹೋಯ್ತು. ಬಣ್ಣ ನಿಂದು, ಕುಂಚ ನಿಂದು, ಪೇಟೆ ನಿಂದು. ಇದೊಂದಾದ್ರೂ ನನಗಿರ್ಲಿ ಅಂದ್ಕೊಂಡೆ. ತಪ್ಪಾ?”

“ಅಪ್ಪನ ಕಣ್ಣು ಹೋಗಿದ್ರಿಂದ ನಿನಗೆ ಲಾಭ ಆಯ್ತು ಅನ್ನು.”

ಆ ಮಾತು ಸುಳ್ಳಾಗಿರಲಿಲ್ಲ.

ಅಪ್ಪ ಬ್ರೆಡ್ಡಿನ ತುಂಡನ್ನು ತಟ್ಟೆಯ ಅಂಚಿನಲ್ಲಿಟ್ಟ. ಅವನು ಸಮಾಧಾನ ಹೇಳಬಹುದು ಎಂದು ಮೂವರೂ ಕಾದರು. ಅವನು ಹೇಳಿದ್ದು ಬೇರೆ. “ಎರಡು ವಾರ ನಾನು, ನನ್ನ ಬೆರಳೇ ಸತ್ತುಹೋಗಿದೆ ಅಂದ್ಕೊಂಡೆ. ಕಣ್ಣಾಯ್ತು, ಈಗ ಕೈನೂ ಹೋಯ್ತು ಅಂತ. ಯಾರಿಗೂ ಹೇಳ್ಲಿಲ್ಲ, ನಾಚಿಕೆ ಆಯ್ತು.” ದೊಡ್ಡವಳು ಇದ್ದ ಕಡೆ ಮುಖ ತಿರುಗಿಸಿದ. “ನೀನು ದಿನಾ ಬಾಗಿಲಲ್ಲಿ ನಿಂತು ನೋಡ್ತಿದ್ದೆ. ನನಗೆ ಅಷ್ಟು ಕಾಣತ್ತೆ.”

ಊಟ ಬಿಟ್ಟು ಎದ್ದುಹೋದ.

ಆಮೇಲೆ ಮನೆಯಲ್ಲಿ ನಾಲ್ಕು ಜನ ನಾಲ್ಕು ಗೋಡೆಗಳ ಹಾಗೆ ಓಡಾಡಿದರು. ಚಿಕ್ಕವಳು ತನ್ನ ಮತ್ತು ಮಗಳ ಬಟ್ಟೆ ಬೇರೆ ಒಗೆಯತೊಡಗಿದಳು. ಅಪ್ಪ ಟೀ ಲೋಟವನ್ನು ತಾನೇ ತಂದಿಟ್ಟುಕೊಂಡ, ದಾರಿಯಲ್ಲಿ ಅರ್ಧ ಚೆಲ್ಲಿಕೊಂಡು. ಒಂದು ಸಂಜೆ ದೊಡ್ಡವಳು ಧೈರ್ಯ ಮಾಡಿ ಪುಸ್ತಕ ಹಿಡಿದು ಅವನ ಕೋಣೆಗೆ ಹೋದಳು.

“ಬಿಟ್ಟಲ್ಲಿಂದ ಓದ್ಲಾ?”

“ಬೇಡ.”

“ನಿಧಾನವಾಗೇ ಓದ್ತೀನಿ.”

“ಬೇಡ ಅಂದ್ನಲ್ಲ.” ಅವನು ಆ ಚಿಕ್ಕ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು, ತೋರುಬೆರಳನ್ನು ಲೋಟದ ನೀರಿನಲ್ಲಿ ಅದ್ದಿ, ಒರೆಸಿ, ಗಾಜಿನ ಮೇಲೆ ಎಳೆಯುತ್ತಿದ್ದ. ಒದ್ದೆ ಬೆರಳಿಗೆ ಅದು ಒಮ್ಮೊಮ್ಮೆ ಒಲಿಯುತ್ತಿತ್ತು. ನಾಲ್ಕು ಪದ ಓದಿ, ಮತ್ತೆ ಬೆರಳು ಅದ್ದುವನು.

ದೊಡ್ಡವಳಿಗೆ ಅದನ್ನು ನೋಡಲಾಗಲಿಲ್ಲ.

ಶನಿವಾರ ಅವಳು ಅರ್ಧ ದಿನ ರಜೆ ಹಾಕಿ ಬಂದು, ಅಪ್ಪನ ಕೋಟು ಬ್ರಷ್ ಮಾಡಿ, “ಏಳು, ಹೋಗೋಣ,” ಅಂದಳು.

“ಎಲ್ಲಿಗೆ?”

“ಅಂಗಡಿಗೆ. ಈ ಸಲ ನೀನೇ ಮುಟ್ಟಿ ನೋಡಿ ತಗೋ. ದುಡ್ಡು ಪೂರ್ತಿ ನಂದು. ಅವಳನ್ನ ಕೇಳ್ಬೇಡ.”

ಅಪ್ಪ ಕೋಟಿನ ತೋಳಿಗೆ ಕೈ ಹಾಕಿದ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ. ಆಮೇಲೆ ರಸ್ತೆಯ ಕಡೆ ಮುಖ ಮಾಡಿಕೊಂಡೇ ಹೇಳಿದ: “ನೀನು ಓದೋದು ಕೆಟ್ಟದಿರ್ಲಿಲ್ಲ. ಆದ್ರೆ ನಿನ್ನ ಹಿಂದೆ ಓಡ್ಬೇಕಿತ್ತು ನಾನು. ಒಂದು ಸಾಲು ಹಿಡಿಸಿದ್ರೆ ನನಗೆ ಅಲ್ಲೇ ಕೂತ್ಕೋಬೇಕು ಅನ್ಸತ್ತೆ. ನಿನಗೆ ಅನ್ನ ನೋಡೋದಿರತ್ತೆ.”

“ಹೇಳಬಹುದಿತ್ತಲ್ಲ.”

“ಹೇಳಿದ್ರೆ ನೀನು ಮೂರು ದಿನ ಉಪವಾಸ ಕೂರ್ತಿದ್ದೆ.”

ಅವಳು ಕೈಯಲ್ಲಿದ್ದ ಟಿಕೆಟನ್ನು ನಾಲ್ಕು ಮಡಿಕೆ ಮಾಡಿದಳು.

“ಇನ್ನೊಂದು,” ಅಪ್ಪ ಅಂದ. “ಓದ್ಬೇಕಾದ್ರೆ ನನಗೆ ಯಾರೂ ಬೇಡ. ನಿಮ್ಮಮ್ಮ ಇದ್ದಾಗ್ಲೂ ಬೇಡವಾಗಿತ್ತು. ಅವಳೂ ಹೀಗೇ ಸಿಟ್ಟಾಗ್ತಿದ್ಲು.”

ಅಂಗಡಿಯಲ್ಲಿ ಬೋಳುತಲೆಯವನು ಅವಳನ್ನು ಗುರುತಿಸಿದ. ದೊಡ್ಡ ಯಂತ್ರವನ್ನು ಒರಗಿಸಿಟ್ಟು ಅಪ್ಪನ ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟ. ಅಪ್ಪ ಒತ್ತಿದ. ಪುಟ ತಿರುಗಿತು. ಇನ್ನೊಮ್ಮೆ ಒತ್ತಿದ. ಕತ್ತನ್ನು ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡುತ್ತಾ, “ಇದನ್ನ ಯಾರು ಬರ್ದಿದ್ದು?” ಎಂದು ಕೇಳಿದ.

“ಕತೆನಾ ಸಾರ್?”

“ಅಕ್ಷರ. ಹೊಟ್ಟೆ ನೋಡಿ ಇದರದ್ದು, ಉಂಡು ಮಲಗಿದ ಹಾಗಿದೆ. ಕಾಲಿಗೆ ಬಲವೇ ಇಲ್ಲ.”

ಅಂಗಡಿಯವನು ಅಕ್ಷರದ ಬಗೆಯನ್ನೂ ಬದಲಿಸಬಹುದು ಎಂದು ಒಂದೊಂದಾಗಿ ತೋರಿಸಿದ. ಅಪ್ಪ ಹಿಂದಿನ ಕಾಲದಲ್ಲಿ ಗಿರಾಕಿಗಳ ಜೊತೆ ಜಗ್ಗಾಡುತ್ತಿದ್ದ ಹಾಗೆಯೇ ಜಗ್ಗಾಡಿದ. ಇದು ತೆಳು, ಇದು ಕೊಬ್ಬಿದ್ದು, ಇದು ಕುಡಿದು ನಿಂತಿದೆ. ಕೊನೆಗೆ ದಪ್ಪಗೆ, ನೆಟ್ಟಗೆ ನಿಂತ ಒಂದನ್ನು ಒಪ್ಪಿದ. ಆಮೇಲೆ ಹಿಂದೆ ಒತ್ತಿ ಅದೇ ಪುಟಕ್ಕೆ ಮರಳಿ, ತುಟಿ ಅಲ್ಲಾಡಿಸುತ್ತಾ ಒಂದು ಸಾಲನ್ನು ಎರಡು ಸಲ ಓದಿಕೊಂಡ. ಹಿಂದೆ ನಿಂತಿದ್ದ ದೊಡ್ಡವಳನ್ನು ಅವನು ಪೂರ್ತಿ ಮರೆತಿದ್ದ. ಅವಳಿಗೆ ಸಂಕಟವಾಯಿತು. ಆದರೂ ಚೀಲ ತೆರೆದಳು. ಹೊಸ ಹೊಲಿಗೆಯಂತ್ರಕ್ಕೆಂದು ಕೂಡಿಟ್ಟದ್ದು ಅಲ್ಲಿ ಮುಗಿಯಿತು.

ಹೊಸದು ಬಂದ ಮೇಲೆ ಮನೆಯ ಗಾಳಿ ಮೆಲ್ಲಗೆ ತಿರುಗಿತು. ಚಿಕ್ಕವಳು ಅಕ್ಕನ ಬಟ್ಟೆಯನ್ನೂ ತನ್ನ ಬಟ್ಟೆಯ ಜೊತೆ ನೆನೆಹಾಕಿದಳು. ಕಟ್ಟುಹಲ್ಲು ಕೂರಿಸುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲಿ ಯಂತ್ರ ಒರಗಿಸುವ ಒಂದು ಪೀಠ ಮಾಡಿ ತಂದಳು. ಅದು ಒಸಡಿನ ಬಣ್ಣದ್ದೇ ಇತ್ತು.

“ಇದೇನು, ಪುಸ್ತಕ ನನ್ನ ಕಚ್ಚತ್ತಾ?” ಅಪ್ಪ ಕೇಳಿದ. ದೊಡ್ಡವಳೂ ನಕ್ಕಳು. ನಕ್ಕ ಮೇಲೆ, ಪೀಠ ಮಾಡುವ ಬುದ್ಧಿ ತನಗೆ ಯಾಕೆ ಬರಲಿಲ್ಲ ಎಂದು ಆ ದಿನವಿಡೀ ಉರಿದುಕೊಂಡಳು.

ಚಾವಣಿ ಸರಿಯಾಯಿತು. ಹೊರಡುವ ಬೆಳಿಗ್ಗೆ ಚಿಕ್ಕವಳು ಸೂಟ್‌ಕೇಸಿನ ಮೇಲೆ ಮೊಣಕಾಲೂರಿ ಜಿಪ್ ಎಳೆಯುತ್ತಾ ಹೇಳಿದಳು: “ಅಕ್ಕ, ಆ ಚಿಕ್ಕದು ಸುಮ್ನೆ ಬಿದ್ದಿದೆಯಲ್ಲ. ಪಿಟೀಲು ತಗೊಂಡು ಹೋಗ್ಲಿ ಅಲ್ವಾ? ಬಸ್ಸಲ್ಲಿ ಓದ್ಕೋತಾಳೆ.”

“ಬೇಡ.”

“ಯಾಕೆ? ನಿನಗೆ ಬೇಕಾ?”

ಅಲ್ಲಿಯವರೆಗೆ ದೊಡ್ಡವಳಿಗೆ ಅದು ಬೇಕಾಗಿರಲಿಲ್ಲ. ತಂಗಿ ಕೇಳಿದ ಗಳಿಗೆಯಿಂದ ಬೇಕಾಯಿತು. “ಬೇಕು,” ಅಂದಳು. “ನಿನ್ನ ಪಾಲು ಈ ತಿಂಗಳು ಕೊಟ್ಟುಬಿಡ್ತೀನಿ.”

ಪಿಟೀಲು ಮುಖ ಊದಿಸಿದಳು. ಆದರೂ ಹೋಗುವ ಮುನ್ನ ಲೈಬ್ರರಿಯಿಂದ ಪುಸ್ತಕ ಇಳಿಸಿಕೊಳ್ಳುವುದು ಹೇಗೆಂದು ತೋರಿಸಿಕೊಟ್ಟಳು. “ಹಣೆಬರಹ ಹೇಗಿದೆ ನೋಡು ದೊಡ್ಡಮ್ಮ, ತಾತನಿಗೆ ದಿನಾ ಓದಿ ಹೇಳ್ತಿದ್ದೋಳು ನೀನು, ನಿನ್ನ ಖಾತೆಯಲ್ಲಿ ಒಂದು ಪುಸ್ತಕ ಇಲ್ಲ.”

ಏನು ಆರಿಸಬೇಕು ಎಂಬುದೇ ದೊಡ್ಡವಳಿಗೆ ತೋಚಲಿಲ್ಲ. ಇಷ್ಟು ವರ್ಷ ಅಪ್ಪನಿಗೆ ಏನು ಹಿಡಿಸೀತು ಎಂದು ನೋಡಿದವಳು. ಕೊನೆಗೆ ಅಪ್ಪ ಒಮ್ಮೆ “ಹೆಂಗಸರ ಹರಟೆ” ಎಂದು ಬದಿಗೆ ಸರಿಸಿದ್ದ ಕಾದಂಬರಿಯನ್ನೇ ತೆಗೆದುಕೊಂಡಳು. ಮೂವರು ಅತ್ತಿಗೆಯರು ಸೇರಿ ಒಂದು ಹೋಟೆಲು ನಡೆಸಿ ದಿವಾಳಿಯಾಗುವ ಕತೆ. ಬಸ್ಸಿನಲ್ಲಿ ಓದಿದಳು. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ಬಿಸಿ ಬಟ್ಟೆಗಳ ಗುಡ್ಡೆಗೆ ಒರಗಿ, ಒಂದು ಕೈಯಲ್ಲಿ ಮೊಟ್ಟೆಯ ಸ್ಯಾಂಡ್‌ವಿಚ್ ಹಿಡಿದು ಓದಿದಳು. ಜೋರಾಗಿ ಓದುವುದು ಬೇಕಿರಲಿಲ್ಲ. ಹಿಡಿಸಿದ ಸಾಲಿನ ಮೇಲೆ ನಿಲ್ಲಬಹುದಿತ್ತು, ಬೇಸರವಾದರೆ ಹಾರಬಹುದಿತ್ತು.

ಆ ವಾರದ ಕೊನೆಯ ಸಂಜೆ ಅಪ್ಪ ತನ್ನ ಕೋಣೆಯಲ್ಲಿ ಪೀಠದ ಮುಂದೆ ಕೂತಿದ್ದ. ಗುಂಡಿಯ ಸಣ್ಣ ಸದ್ದು ಆಗೊಮ್ಮೆ ಈಗೊಮ್ಮೆ ಬರುತ್ತಿತ್ತು. ದೊಡ್ಡವಳು ಅಡುಗೆಮನೆಯ ಮೇಜಿನ ಬಳಿ ಬೇಳೆ ಬೇಯಲು ಕಾಯುತ್ತಾ ಓದುತ್ತಿದ್ದಳು. ಕಿರಿಯ ಅತ್ತಿಗೆ ಸಾಲ ವಸೂಲಿಗೆ ಬಂದವನನ್ನೇ ಬಡಿಸುವ ಕೆಲಸಕ್ಕೆ ಇಟ್ಟುಕೊಂಡ ಕಡೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಹೆಗಲು ಕುಲುಕುವ ಹಾಗೆ ನಕ್ಕಳು.

ಗುಂಡಿಯ ಸದ್ದು ನಿಂತಿತು.

“ಏನಾಯ್ತು?” ಅಪ್ಪ ಕೋಣೆಯಿಂದ ಕೇಳಿದ.

“ಏನಿಲ್ಲ.”

“ಏನಿಲ್ಲದೆ ನಗ್ತೀಯಾ?”

“ಪುಸ್ತಕದಲ್ಲಿ ಏನೋ ಇತ್ತು ಅಪ್ಪಾ.”

ಕುರ್ಚಿ ನೆಲಕ್ಕೆ ಉಜ್ಜಿತು. “ಏನಿತ್ತು? ಓದು ನೋಡೋಣ.”

ಅವಳು ತಲೆಯೆತ್ತಿದಳು. ನಾಲ್ಕು ವರ್ಷದಲ್ಲಿ ಅಪ್ಪ ಅವಳನ್ನು ಆ ದನಿಯಲ್ಲಿ ಕೇಳಿರಲಿಲ್ಲ. ಆಟದಿಂದ ಹೊರಗಿಟ್ಟ ಮಗುವಿನ ದನಿ. ಬೇಳೆ ಉಕ್ಕಿ ಒಲೆಯ ಮೇಲೆ ಚುರ್ರೆಂದಿತು. ಅವಳು ಕೂತಲ್ಲಿಂದಲೇ ಕೈ ಚಾಚಿ ಉರಿ ಸಣ್ಣ ಮಾಡಿದಳು.

“ಇರು ಅಪ್ಪಾ,” ಅಂದಳು. “ಈ ಅಧ್ಯಾಯ ಮುಗಿಸ್ಕೋತೀನಿ.”